ಎ.ಸಿ. ಬಿಚ್ಚಿದ ಕಿಟಕಿ

ಮೆಕ್ಯಾನಿಕ್ ಎ.ಸಿ.ಗಿಂತ ಹೆಚ್ಚಾಗಿ ಮನೆಯನ್ನೇ ನೋಡುತ್ತಿದ್ದ.

ಬೀಗಪ್ಪ ಅದನ್ನು ಗಮನಿಸಿದ. ಗಮನಿಸುವುದೇ ಅವನ ಕಸುಬು. ಊರ ಹೊರಗಿನ ದೊಡ್ಡ ಗೋದಾಮಿಗೆ ಅವನು ಉಸ್ತುವಾರಿ. ಒಂದು ಮೊಳೆ ಕಾಣದಿದ್ದರೂ ಹಮಾಲರ ಜೇಬು ತಡಕುವ ಆಸಾಮಿ. ಬೀಗಪ್ಪ ಎಂಬ ಹೆಸರನ್ನು ಇಟ್ಟವರೂ ಅವರೇ. ಮನೆಯ ವಿಷಯವಂತೂ ಕೇಳುವುದೇ ಬೇಡ. ಬಾಗಿಲಿಗೆ ಮೂರು ಬೀಗ, ಕಿಟಕಿಗಳಿಗೆಲ್ಲ ಹೆಬ್ಬೆರಳು ದಪ್ಪದ ಸರಳು, ಬಚ್ಚಲ ಗವಾಕ್ಷಿಗೂ ಜಾಲರಿ. ಬೆಕ್ಕು ಕೂಡ ಅವನ ಅಪ್ಪಣೆಯಿಲ್ಲದೆ ಒಳಗೆ ಬರುವಂತಿರಲಿಲ್ಲ. ಮಲಗುವ ಕೋಣೆಯ ಒಂದು ಕಿಟಕಿಯಲ್ಲಿ ಮಾತ್ರ ಸರಳು ಕತ್ತರಿಸಿ ಎ.ಸಿ. ಕೂರಿಸಿದ್ದ. ಕದ ತೆರೆಯದ ಆ ಮನೆಗೆ ಅದೊಂದೇ ಉಸಿರು. ಈಗ ಅದೂ ನಿಂತು, ಮನೆ ಮುಚ್ಚಳ ಹಾಕಿದ ಪಾತ್ರೆಯ ಹಾಗೆ ಬೇಯುತ್ತಿತ್ತು.

ಮೆಕ್ಯಾನಿಕ್ ಮುಂದಿನ ಮುಚ್ಚಳ ಕಳಚಿ ಟಾರ್ಚ್ ಬಿಟ್ಟ.

“ಅಮ್ಮ, ಐಸ್ ಕಟ್ಟಿದ್ದಾಗ ಚಾಕು ಹಾಕಿ ಕೆರೆದ್ರಾ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆ ತಗ್ಗಿಸಿದಳು. “ಹೂಂ ಅಣ್ಣ. ಬೇಗ ಹೋಗಲಿ ಅಂತ.”

“ಪೈಪೇ ತೂತು. ಅದೂ ಒಂದಲ್ಲ, ಮೂರು ಕಡೆ.”

ಬೀಗಪ್ಪನ ಬಾಯಿಗೆ ಆಮೇಲೆ ಬಿಡುವಿರಲಿಲ್ಲ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದ. ನಿಮ್ಮಪ್ಪ ಬಂದು ದುಡ್ಡು ಕೊಡ್ತಾನಾ ಎಂದ. ಪರರ ಮುಂದೆ ಬೈಸಿಕೊಳ್ಳುವುದು ಅವಳಿಗೆ ಹೊಸತಲ್ಲ. ಮಳೆ ಹೊಡೆದ ಗೋಡೆಯಂತೆ ನಿಂತಿದ್ದಳು. ಮೆಕ್ಯಾನಿಕ್ ಮಾತ್ರ ಸ್ಕ್ರೂಡ್ರೈವರನ್ನು ಸುಮ್ಮನೆ ಒರೆಸುತ್ತ ಕೂತ.

ಬೈಗುಳ ಮುಗಿದ ಮೇಲೆ ಚೌಕಾಸಿ. ಬರೀ ಗ್ಯಾಸ್ ತುಂಬಿಸಿ ಹೋಗು ಎಂದು ಬೀಗಪ್ಪ ಪಟ್ಟು ಹಿಡಿದ. ತೂತು ಮುಚ್ಚದೆ ಗ್ಯಾಸ್ ತುಂಬುವುದೆಂದರೆ ತಳ ಒಡೆದ ಬಿಂದಿಗೆಗೆ ನೀರು ಹೊಯ್ದ ಹಾಗೆ, ಒಂದು ವಾರಕ್ಕೆ ಮತ್ತೆ ನನ್ನನ್ನೇ ಕರೀತೀರಿ, ಮತ್ತೆ ದುಡ್ಡು ಕೊಡ್ತೀರಿ ಎಂದ ಮೆಕ್ಯಾನಿಕ್. ಬೆಸುಗೆ ಹಾಕಲೇಬೇಕು. ಸಿಲಿಂಡರ್, ಸಾಮಾನು ಎಲ್ಲ ಇಲ್ಲಿಗೇ ಹೊತ್ತು ತಂದು ಮಾಡಿದರೆ ಖರ್ಚು ಎರಡರಷ್ಟು. ಎ.ಸಿ. ಪೆಟ್ಟಿಗೆಯನ್ನೇ ಬಿಚ್ಚಿ ಅಂಗಡಿಗೆ ಒಯ್ದರೆ ಅರ್ಧ.

“ಅಂಗಡಿಗೇ ಒಯ್ಯಲಿ ಬಿಡಿ,” ಎಂದಳು ಹೆಂಡತಿ ಮೆಲ್ಲಗೆ. “ನನ್ನಿಂದ ಆದ ನಷ್ಟ. ಸೆಕೆ ನಾನು ತಡ್ಕೋತೀನಿ.”

ಅರ್ಧ ಎಂಬ ಮಾತು ಬೀಗಪ್ಪನ ಕಿವಿಯಲ್ಲಿ ಆಗಲೇ ಇಳಿದಿತ್ತು. ಒಪ್ಪಿದ. ಒಪ್ಪಿದ ಮೇಲೆಯೇ ಅನುಮಾನ ಹುಟ್ಟಿದ್ದು, ಯಾಕೆಂದರೆ ಆ ಮನುಷ್ಯ ಪೆಟ್ಟಿಗೆ ಎಳೆಯುತ್ತ, ಇಷ್ಟೊಂದು ಸರಳು ಯಾಕೆ ಸಾರ್ ಎಂದು ಕೇಳಿದ. ಹಗಲು ಮನೆಯಲ್ಲಿ ಯಾರಿರ್ತಾರೆ ಎಂದೂ ಕೇಳಿದ. ಕೆಲಸ ಮುಗಿದರೆ ಹೇಳೋಕೆ ಅಮ್ಮನ ನಂಬರ್ ಕೊಡಿ ಎಂದ.

“ಅವಳಿಗ್ಯಾಕೆ ಫೋನು, ಯಾರ ಜೊತೆ ಹರಟೆ ಹೊಡೆಯೋಕೆ? ನನಗೇ ಮಾಡು.”

ಪೆಟ್ಟಿಗೆ ಹೋಯಿತು. ಕಿಟಕಿಯಲ್ಲಿ ಚೌಕನೆಯ ಕಂಡಿ ಬಾಯಿ ತೆರೆಯಿತು. ಆಚೆ ಹಿಂದಿನ ಓಣಿ, ಓಣಿಯಲ್ಲಿ ಬಗ್ಗಿ ಮೆಷಿನ್ ತುಳಿಯುವ ಮುದಿ ದರ್ಜಿ. ಒಬ್ಬ ಆಳು ಆರಾಮಾಗಿ ನುಸುಳಬಹುದು. ಕಳ್ಳನನ್ನು ಕೂಲಿ ಕೊಟ್ಟು ಕರೆಸಿ ದಾರಿ ಮಾಡಿಸಿಕೊಂಡ ಹಾಗಾಯಿತಲ್ಲ!

ಗೋದಾಮಿನಿಂದ ದಪ್ಪ ಹಲಗೆ ತಂದ. ಹೊರಗಿನಿಂದ ಯಾವನೂ ಬಿಚ್ಚಬಾರದೆಂದು ಒಳಗಡೆಯಿಂದಲೇ ಸ್ಕ್ರೂ ಬಿಗಿದ. ಹೆಂಡತಿ ಪಕ್ಕದಲ್ಲಿ ನಿಂತು, ಅಂಗೈಯಲ್ಲಿಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಕೊಟ್ಟಳು.

“ಹೊರಗಿನೋರ ಕೈಲಿ ಆಗಲ್ಲ ಬಿಡಿ,” ಎಂದಳು.

ಮಾರನೆಯ ದಿನ ಗೋದಾಮಿನಲ್ಲಿ ಅವನ ಮೈಯಷ್ಟೇ ಇತ್ತು. ಮೆಕ್ಯಾನಿಕ್‌ನ ಕಣ್ಣು, ಅವನ ಪ್ರಶ್ನೆ, ಬೀರುವಿನಲ್ಲಿದ್ದ ಬಂಗಾರ ಎಲ್ಲ ತಲೆಯಲ್ಲಿ ಗಾಣದಂತೆ ತಿರುಗಿದವು. ಎರಡು ಸಲ ಅಂಗಡಿಗೆ ಫೋನ್ ಮಾಡಿದ. ಆ ಮೆಕ್ಯಾನಿಕ್ ಹೊರಗೆ ಹೋಗಿದ್ದಾನೆ ಎಂಬ ಉತ್ತರ ಬಂತು. ಎಲ್ಲಿಗೆ? ಗೊತ್ತಿಲ್ಲ. ಊಟದ ಡಬ್ಬಿ ತೆರೆಯದೆ ಎದ್ದು, ಗೋದಾಮಿನ ಬೀಗದ ಕೀಲಿಯನ್ನು ಮೊದಲ ಸಲ ಬೇರೆಯವರ ಕೈಗೆ ಕೊಟ್ಟು ಓಡಿದ.

ಹಿಂದಿನ ಓಣಿಗೆ ತಿರುಗುತ್ತಲೇ ಕಂಡಿತು. ಹಲಗೆ ಇಲ್ಲ. ಕಂಡಿ ಬೋಳಾಗಿ ನಿಂತಿದೆ.

ಮುಂಬಾಗಿಲಿಗೆ ಸುತ್ತಿ ಬಂದ. ಬೆಳಿಗ್ಗೆ ತಾನು ಹೊರಗಿನಿಂದ ಜಡಿದು ಹೋಗಿದ್ದ ಮೂರೂ ಬೀಗಗಳನ್ನು ತೆಗೆದ. ಬೀರು ಮುಚ್ಚಿಯೇ ಇತ್ತು. ಬಂಗಾರ ಇತ್ತು. ಟಿ.ವಿ. ಇತ್ತು, ಗಡಿಯಾರ ಇತ್ತು, ಬೆಳ್ಳಿ ಲೋಟವೂ ಇತ್ತು. ಉಸಿರು ಬಿಟ್ಟ. ನನ್ನ ಮನೆಗೆ ಕೈ ಹಾಕೋ ಗಂಡು ಇನ್ನೂ ಹುಟ್ಟಿಲ್ಲ ಎಂದುಕೊಂಡು, ನೀರು ತಾರೇ ಎಂದು ಕೂಗಿದ.

ನೀರು ಬರಲಿಲ್ಲ. ಮತ್ತೆ ಕೂಗಿದ. ಅಡುಗೆಮನೆ, ಬಚ್ಚಲು, ಮಂಚದ ಕೆಳಗೂ ನೋಡಿದ. ದುಡ್ಡಿಗೆ ಬಂದವರಲ್ಲ, ಬಡ್ಡಿಮಕ್ಕಳು ಆಳನ್ನೇ ಹೊತ್ತುಕೊಂಡು ಹೋಗಿದ್ದಾರೆ! ಕಂಡಿಯಲ್ಲಿ ತಲೆ ತೂರಿಸಿದ. ಅವನ ಭುಜ ಅಗಲ, ಅಲ್ಲೇ ಸಿಕ್ಕಿಕೊಂಡಿತು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಹಾಗೇ ದರ್ಜಿಯತ್ತ ಅರಚಿದ: ಯಾರು ನುಗ್ಗಿದರು, ಎಷ್ಟು ಜನ, ನಿನ್ನ ಕಣ್ಣೇನು ಹಿಂಗಿ ಹೋಗಿತ್ತಾ?

ದರ್ಜಿ ಮೆಷಿನ್ ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದ.

“ಒಳಗೆ ನುಗ್ಗಿದೋರು ಯಾರೂ ಇಲ್ಲ ಸಾರ್, ಅಮ್ಮಾವ್ರು ಹೊರಗೆ ಇಳಿಯೋಕೆ ಕಷ್ಟಪಡ್ತಿದ್ರು, ನನ್ನ ಸ್ಟೂಲ್ ಹಾಕಿಕೊಟ್ಟೆ.”