ಹೊಟ್ಟೆಯೊಳಗಿನ ಬಾಡಿಗೆದಾರರು

ತೋಳಿಗೆ ಸುತ್ತಿದ ಪಟ್ಟಿ ಬಿಗಿಯುತ್ತಿದ್ದಂತೆ ಕ್ರೇನ್ ಚಾಲಕ ಗೋಡೆಯ ಬಿರುಕನ್ನೇ ದಿಟ್ಟಿಸಿದ. ಇದು ಕೊನೆಯ ತಪಾಸಣೆ. ರಕ್ತದೊತ್ತಡ ನೂರ ನಲವತ್ತು ದಾಟಿದರೆ ಲೈಸೆನ್ಸ್ ರದ್ದು. ಅರವತ್ತು ಮೀಟರ್ ಎತ್ತರದಲ್ಲಿ ಅವನು ಕೂರುತ್ತಿದ್ದ ಕ್ರೇನಿನ ಗಾಜಿನ ಗೂಡು ಇನ್ನೊಬ್ಬನ ಪಾಲು. ಮಾತ್ರೆಯೊಂದಕ್ಕೇ ಒತ್ತಡ ಬಗ್ಗದೆ, ಮೂರು ತಿಂಗಳಿಂದ ಅವನು ಉಗ್ರಾಣದಲ್ಲಿ ಕೂತು ನಟ್ಟು ಬೋಲ್ಟು ವಿಂಗಡಿಸುತ್ತಿದ್ದ.

“ಉಸಿರು ಬಿಡ್ರೀ,” ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಡತಿ.

ಇಪ್ಪತ್ತು ವರ್ಷ ಅವನು ಸೊಪ್ಪು, ಕಾಳು, ಹಣ್ಣು ಮುಟ್ಟಿದವನಲ್ಲ. ಬೆಳಿಗ್ಗೆ ಹತ್ತಿದರೆ ಇಳಿಯುವುದು ಸಂಜೆಗೇ. ನಡುವೆ ಹೊಟ್ಟೆ ಶೌಚಕ್ಕೆ ಕರೆದರೆ ಮುನ್ನೂರು ಮೆಟ್ಟಿಲು ಇಳಿದು ಹತ್ತುವವರೆಗೆ ಕೆಳಗೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಹಾಗಾಗಿ ಬಿಳಿ ಬ್ರೆಡ್ಡು, ಮೊಟ್ಟೆ, ಚಿಪ್ಸು. ಅದನ್ನೇ ಅವನು ಶಿಸ್ತು ಎಂದುಕೊಂಡಿದ್ದ.

“ಸೊಪ್ಪು ಕಾಳಲ್ಲಿರೋ ನಾರು ನಿಮಗಲ್ಲ ಕಣ್ರೀ,” ಎಂದು ಡಾಕ್ಟರಮ್ಮ ಮೂರು ತಿಂಗಳ ಹಿಂದೆ ಬೈದಿದ್ದರು. “ಕರುಳಲ್ಲಿರೋ ಬ್ಯಾಕ್ಟೀರಿಯಾಗಳಿಗೆ. ಅವು ಅದನ್ನ ತಿಂದು ಏನೋ ತಯಾರಿಸ್ತಾವೆ, ಅದು ರಕ್ತನಾಳ ಸಡಿಲ ಮಾಡಬಹುದು ಅಂತಾರೆ. ಇಪ್ಪತ್ತು ವರ್ಷ ಉಪವಾಸ ಕೆಡವಿದ್ದೀರಿ ಅವನ್ನ!”

ಅಂದಿನಿಂದ ಹೆಂಡತಿ ಟೊಂಕ ಕಟ್ಟಿ ನಿಂತಳು. ಕಾಳು, ತೌಡಿನ ಬ್ರೆಡ್ಡು, ಸಿಪ್ಪೆ ಸಮೇತ ಸೇಬು. “ನಾನು ಬಡಿಸ್ತಿರೋದು ನಿಮ್ಮ ಬಾಡಿಗೆದಾರರಿಗೆ. ನೀವು ಸುಮ್ನೆ ಬಾಯಿ ತೆಗೀರಿ,” ಎನ್ನುತ್ತಿದ್ದಳು. ಮೊದಲ ವಾರ ಅವನ ಹೊಟ್ಟೆಯ ಗುಡುಗಿಗೆ ಉಗ್ರಾಣದವರು ಕಿಟಕಿಗಳನ್ನೆಲ್ಲ ತೆರೆದಿಟ್ಟರು.

ಯಂತ್ರ ಕೀಂ ಎಂದಿತು. ಡಾಕ್ಟರಮ್ಮ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ಇನ್ನೊಂದ್ಸಲ.”

ಅವನು ತೋಳು ಚಾಚಿದ. ಪಟ್ಟಿ ಮತ್ತೆ ಬಿಗಿದು, ಮತ್ತೆ ಸಡಿಲವಾಯಿತು.

“ನೂರ ಇಪ್ಪತ್ತೆಂಟು, ಎಂಬತ್ತು. ಮೊದಲ ಸಲವೂ ಅಷ್ಟೇ ಇತ್ತು, ನನಗೇ ನಂಬಿಕೆ ಬರ್ಲಿಲ್ಲ!”

“ಹಾಗಾದ್ರೆ ಮಾತ್ರೆ ಬಿಟ್ಬಿಡ್ಲಾ?”

“ತಲೆ ನೆಟ್ಟಗಿದೆಯಾ? ಇದ್ರಲ್ಲಿ ಮಾತ್ರೆದೂ ಪಾಲಿದೆ, ಕಾಳಿಂದೂ ಇರಬೇಕು. ಯಾವುದರದ್ದೆಷ್ಟು ಅಂತ ನಾನು ಹೇಳಲಾರೆ. ಎರಡನ್ನೂ ಬಿಡಬೇಡಿ,” ಎನ್ನುತ್ತ ಡಾಕ್ಟರಮ್ಮ ಅರ್ಹತಾ ಪತ್ರಕ್ಕೆ ಮುದ್ರೆ ಒತ್ತಿದರು.

“ನನ್ನ ಪಾಲು?” ಎಂದಳು ಹೆಂಡತಿ. ಅವನು ಬಾಯಿ ತೆರೆಯುವ ಮೊದಲೇ ಅವಳೇ ಸೇರಿಸಿದಳು: “ಮಧ್ಯಾಹ್ನ ಒಂದ್ಸಲ ಇಳಿದು ಬನ್ನಿ. ಕಟ್ಟಡ ಎಲ್ಲೂ ಓಡಿಹೋಗಲ್ಲ.”

ಒಂದು ಗಂಟೆಯೊಳಗೆ ಅವನು ಗಾಜಿನ ಗೂಡಿನಲ್ಲಿದ್ದ. ಕೆಳಗೆ ಗೇಟಿನ ಹೊರಗೆ ಹೆಂಡತಿ ಒಂದು ಚುಕ್ಕೆ. ಕ್ರೇನಿನ ಉದ್ದನೆಯ ತೋಳು ಅಲುಗಿತು. ಮನೆಗಳ ಮೇಲೆ, ರಸ್ತೆಯ ಮೇಲೆ, ಆಸ್ಪತ್ರೆಯ ಚಾವಣಿಯ ಮೇಲೆ ನಿಧಾನಕ್ಕೆ ಒಂದು ಪೂರ್ತಿ ಸುತ್ತು ಬಂತು. ಯಾವುದೋ ಭಾರೀ ವಸ್ತು ಎತ್ತುತ್ತಿರಬೇಕೆಂದು ದಾರಿಹೋಕರು ನಿಂತು ಕತ್ತೆತ್ತಿ ನೋಡಿದರು.

ಕೊಕ್ಕೆ ಖಾಲಿಯಿತ್ತು.