ಹಕ್ಕಿ ಕೂತ ಜಾಗ

"ಬೇಗ ನೋಡಮ್ಮಾ ಇಂಗಾ! ಹಾರಿಬಿಟ್ರೆ ಮತ್ತೆ ಸಿಗಲ್ಲ," ಎಂದು ಮುದುಕ ಬಾರ್ನಬಿ ತನ್ನ ದುರ್ಬೀನಿನ ಹಿಂದಿನಿಂದ ಸರಿದು ಜಾಗ ಬಿಟ್ಟ. ಉತ್ತರದ ಹಿಮದ ಕಡಲಿಂದ ಬರುವ ಬಿಳಿ ಕಡಲಹಕ್ಕಿಯನ್ನು ನೋಡಲೆಂದೇ ಅವನೂ ಸೇರಿ ಆರು ಜನ ಜನವರಿಯ ಚಳಿಯಲ್ಲಿ ದೂರದ ಲೀಡ್ಸ್‌ನಿಂದ ಶೆಟ್ಲೆಂಡ್ ದ್ವೀಪಕ್ಕೆ ಬಂದಿದ್ದರು. ಅವರ ವ್ಯಾನು ಓಡಿಸುತ್ತಿದ್ದ ಇಂಗಾ ಚಹಾದ ಫ್ಲಾಸ್ಕು ಕೆಳಗಿಟ್ಟಳು. "ಇಲ್ಲೇ ಹುಟ್ಟಿ ಬೆಳೆದವಳಿಗೆ ಕಡಲಹಕ್ಕಿ ತೋರಿಸ್ತೀರಲ್ಲ, ಭಲೇ ಇದ್ದೀರಿ ನೀವು," ಎಂದು ನಗುತ್ತಲೇ ಬಗ್ಗಿದಳು.

ಹಕ್ಕಿ ಕಂಡಿತು. ಅಲೆಗಳ ನಡುವೆ ತೇಲುತ್ತಿದ್ದ ಯಾವುದೋ ವಸ್ತುವಿನ ಮೇಲೆ ಕೂತು ಗರಿ ತಿದ್ದಿಕೊಳ್ಳುತ್ತಿತ್ತು. ಇಂಗಾ ಬಹಳ ಹೊತ್ತು ತಲೆಯೆತ್ತಲಿಲ್ಲ.

"ಹೇಗಿದೆ? ಹಾಲಿನ ಹಾಗಿಲ್ವಾ?"

"ಬಾರ್ನಬಿಯವರೇ, ಅದು ಕೂತಿರೋದು ಯಾವ ಬಣ್ಣದ್ದು ಅಂತ ನೀವೊಂದ್ಸಲ ನೋಡಿ ಹೇಳಿ. ನನ್ನ ಕಣ್ಣು ಮಂಜಾಗಿದೆ."

ಮುದುಕ ನೋಡಿದ. "ಹಸಿರು. ಅಂಚಿಗೆ ಹಳದಿ ಪಟ್ಟಿ. ದೋಣಿ ಕಣಮ್ಮಾ, ಮಗುಚಿಕೊಂಡಿದೆ. ಯಾಕೆ?"

"ಹೋದ ಬೇಸಿಗೇಲಿ ನಾನೇ ಹಚ್ಚಿದ ಬಣ್ಣ. ಕಡಲಲ್ಲಿ ಇಳಿಬಿಟ್ಟಿರೋ ಏಡಿ ಬುಟ್ಟಿ ಎತ್ಕೊಂಡು ಬರ್ತೀನಿ ಅಂತ ಬೆಳಿಗ್ಗೆ ನನ್ನ ಗಂಡ ಅದರಲ್ಲೇ ಹೋಗಿದ್ದಾನೆ."

ಅವಳು ಕರಾವಳಿ ರಕ್ಷಣೆಯವರಿಗೆ ಫೋನ್ ಮಾಡಿ, ಜಾಗದ ಗುರುತನ್ನು ತಡವರಿಸದೆ ಹೇಳಿದಳು. "ದೋಣೀಲಿ ಎಷ್ಟು ಜನ?" ಎಂದು ಅತ್ತ ಕಡೆಯವರು ಕೇಳಿದಾಗ ಮಾತ್ರ ಅವಳ ದನಿ ಒಡೆಯಿತು. "ಒಬ್ಬನೇ... ಮ್ಯಾಗ್ನಸ್ ಒಬ್ಬನೇ."

ಅವಳು ತಿರುಗಿದಾಗ ಆರೂ ದುರ್ಬೀನುಗಳು ಹಕ್ಕಿಯನ್ನು ಬಿಟ್ಟು, ಬೂದು ನೀರಿನ ಮೇಲೆ ಎಲ್ಲಾದರೂ ಒಂದು ತಲೆ ಕಾಣಬಹುದೇ ಎಂದು ಹುಡುಕತೊಡಗಿದ್ದವು.