ಬೀಳುವ ತಾಲೀಮು

"ಇನ್ನೊಂದ್ಸಲ ಬೀಳಪ್ಪ," ಎಂದರು ಕಂಪನಿಯ ವಕೀಲರು.

ನಟ ಬಿದ್ದ. ಕೈಕಾಲು ಅದುರಿದವು, ಕಣ್ಣುಗುಡ್ಡೆ ಮೇಲೆ ಸರಿಯಿತು, ತುಟಿಯಂಚಿನಲ್ಲಿ ನೊರೆ ಬಂತು. ವಕೀಲರಿಗೆ ರೋಮಾಂಚನ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರು. ನೋಡಿ ಕಲಿತದ್ದು ಎಂದಷ್ಟೇ ಹೇಳಿ ಅವನು ಅಂಗಿ ಕೊಡವಿಕೊಂಡ.

ಮೊಕದ್ದಮೆ ಸರಳ. ಗೋದಾಮಿನ ಕಪಾಟು ಕಳಚಿ ಹಮಾಲಿಯೊಬ್ಬನ ತಲೆಗೆ ಬಿದ್ದಿತ್ತು. ಗಾಯ ಮಾಯಿತು, ಮೂರ್ಛೆರೋಗ ಅಂಟಿಕೊಂಡಿತು, ಕೆಲಸ ಹೋಯಿತು. ಹೊಣೆ ಕಂಪನಿಯದು, ಜೀವಮಾನದ ಚಿಕಿತ್ಸೆ ಅದೇ ಕೊಡಿಸಬೇಕು ಎಂದು ಅವನು ದಾವೆ ಹೂಡಿದ್ದ. ಸೋತರೆ ಮಾತ್ರೆಗೂ ಗತಿಯಿಲ್ಲ. ವಕೀಲರ ವಾದ ಇನ್ನೂ ಸರಳ: ಅವನದು ನಾಟಕ, ಮೂರ್ಛೆಯನ್ನು ಯಾರು ಬೇಕಾದರೂ ನಟಿಸಬಹುದು, ನೋಡಿದವರಿಗೆ ವ್ಯತ್ಯಾಸವೇ ತಿಳಿಯದು. ಅದನ್ನು ನ್ಯಾಯಾಧೀಶರಿಗೆ ಕಣ್ಣಾರೆ ತೋರಿಸಲೆಂದೇ ನಟ ಬೇಕಾಗಿದ್ದಾನೆ ಎಂದು ಜಾಹೀರಾತು ಕೊಟ್ಟಿದ್ದರು. ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದವನು ಇವನು.

ವಿಚಾರಣೆಯ ದಿನ ನಟ ನ್ಯಾಯಾಲಯದ ನಡುವೆ ದಬಕ್ಕನೆ ಬಿದ್ದ. ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿದರು. ವಕೀಲರು ಮೀಸೆಯಡಿ ನಕ್ಕು, ಸಾಕು ಏಳು ಎಂದರು.

ಅವನು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ನ್ಯಾಯಾಧೀಶರಿಗೆ ಕೈಮುಗಿದ.

"ತಾಲೀಮಿನಲ್ಲಿ ಇವರ ಆಫೀಸಿನ ನೆಲಕ್ಕೆ ತಲೆ ಹೊಡೀತು ಸ್ವಾಮಿ. ಆವತ್ತಿಂದ ನನಗೂ ನಿಜವಾಗ್ಲೂ ಮೂರ್ಛೆ ಬರ್ತಿದೆ. ನನ್ನ ಹೊಣೆ ಇವರದೇ ಅಲ್ವಾ?"

ವಕೀಲರ ಮುಖ ಕೆಂಪೇರಿತು. "ಶುದ್ಧ ಸುಳ್ಳು ಸ್ವಾಮಿ. ನಿಜವಾದ್ದು ಹೀಗಿರಲ್ಲ. ಹೋದ ಸಲ ಆ ಹಮಾಲಿ ಇಲ್ಲೇ ಬಿದ್ದಾಗ ನಾನೇ ನೋಡಿದೀನಲ್ಲ. ನಾಲಿಗೆ ಕಚ್ಚಿ ರಕ್ತ, ತುಟಿಯೆಲ್ಲ ನೀಲಿ, ಎದ್ದ ಮೇಲೂ ಹೆಂಡತಿ ಗುರುತು ಸಿಗಲಿಲ್ಲ. ಅದನ್ನ ಯಾವನ ಕೈಲೂ ನಟಿಸೋಕಾಗಲ್ಲ."

ನ್ಯಾಯಾಧೀಶರು ಕನ್ನಡಕ ಏರಿಸಿಕೊಂಡು, ಈ ಮಾತನ್ನು ಒಂದಕ್ಷರವೂ ಬಿಡದೆ ದಾಖಲಿಸುವಂತೆ ಗುಮಾಸ್ತನಿಗೆ ಹೇಳಿದರು. ವಕೀಲರು ನಾಲಿಗೆ ಕಚ್ಚಿಕೊಂಡರು. ರಕ್ತ ಬರಲಿಲ್ಲ.

ನಟ ಬೇಕಿದ್ದರೆ ಬೇರೆ ದಾವೆ ಹೂಡಬಹುದು ಎಂದೂ ಅಪ್ಪಣೆಯಾಯಿತು. ಅವನು ಬೇಡವೆಂದ. ತೀರ್ಪು ಹಮಾಲಿಯ ಕಡೆಗಾಯಿತು. ಹಮಾಲಿ, ನಟ ಇಬ್ಬರೂ ಮೆಟ್ಟಿಲಿಳಿದು ಬೀದಿಯ ತಿರುವು ದಾಟುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನೀವು ಬಿದ್ದ ಹಾಗೆ ನನಗೆ ಬೀಳೋಕೆ ಬರಲ್ಲ ಅಂತ ಅಕ್ಕ ಹೇಳಿದ್ಳು ಭಾವ," ಎಂದ ನಟ. "ಅದನ್ನೇ ನಂಬ್ಕೊಂಡು ಬಂದೆ."